ಮಲೆನಾಡಿನ ಮನೆಯಲ್ಲಿ ಪೋರ್ಟಬಲ್ ವೈಫೈ ರೂಟರ್: ಜಾಗ, ಜೋಡಣೆ, ಜೋಪಾನ

ತೀರ್ಥಹಳ್ಳಿ, ಹೊಸನಗರದ ಕಡೆ ಸಿಮ್ ಹಾಕಿ ಬಳಸುವ ಪುಟ್ಟ ರೂಟರನ್ನು ಕೊಂಡವರು ಸೆಟ್ಟಿಂಗ್‌ಗಳಿಗೆ ಕೈಹಾಕುವ ಮೊದಲು ಅದನ್ನು ಮನೆಯಲ್ಲಿ ಎಲ್ಲಿಡಬೇಕೆಂದು ನಿಶ್ಚಯಿಸಿಕೊಳ್ಳಬೇಕು. ನಮ್ಮ ಮನೆಗಳು ಗುಡ್ಡದ ಬುಡದಲ್ಲಿ, ತೋಟದ ಅಂಚಿನಲ್ಲಿ ಇರುತ್ತವೆ. ಟವರ್ ಇರುವುದು ಬಹುಪಾಲು ಗುಡ್ಡದ ಆಚೆ. ಮಳೆಯಲ್ಲಿ ತೊಯ್ದ ಎಲೆಗಳು ರೇಡಿಯೋ ಅಲೆಗಳನ್ನು ಹೀರಿಕೊಳ್ಳುವುದರಿಂದ ಬೇಸಿಗೆಯಲ್ಲಿ ಜಗಲಿಯ ಮೇಲೆ ಚೆನ್ನಾಗಿ ಸಿಗುತ್ತಿದ್ದ ಸಿಗ್ನಲ್ ಆರಿದ್ರಾ ಮಳೆ ಹಿಡಿದ ಮೇಲೆ ಕುಗ್ಗುವುದುಂಟು. ಆದ್ದರಿಂದ ಜಾಗವನ್ನು ಮಳೆಗಾಲದಲ್ಲೇ ಪರೀಕ್ಷಿಸುವುದು ಒಳ್ಳೆಯದು.

ಪರೀಕ್ಷೆಗೆ ಪರದೆಯ ಸಿಗ್ನಲ್ ಕಡ್ಡಿಗಳನ್ನು ನಂಬಬೇಡಿ. ಫೋನನ್ನು ರೂಟರಿನ ವೈಫೈಗೆ ಜೋಡಿಸಿ, ಬ್ರೌಸರಿನಲ್ಲಿ ಸಾಧನದ ಹಿಂಬದಿ ಅಚ್ಚಾಗಿರುವ ವಿಳಾಸವನ್ನು (ಹಲವು ಮಾದರಿಗಳಲ್ಲಿ 192.168.1.1 ಅಥವಾ 192.168.0.1) ತೆರೆದರೆ, ಆರ್‌ಎಸ್‌ಆರ್‌ಪಿ ಎಂಬ, ಸಿಗ್ನಲ್ ಬಲ ತೋರಿಸುವ ಅಂಕಿ ಸಾಮಾನ್ಯವಾಗಿ ಸಿಗುತ್ತದೆ. ಅದು ಮೈನಸ್ 90ರ ಆಸುಪಾಸಿದ್ದರೆ ನೆಮ್ಮದಿ. ಮೈನಸ್ 110ಕ್ಕಿಂತ ಕೆಳಗಿಳಿದರೆ ವಿಡಿಯೋ ಕರೆ ಕಷ್ಟ. ಜಂಬಿಟ್ಟಿಗೆ ಗೋಡೆಯ ಮೂಲೆಯಿಂದ ಅಟ್ಟದ ಕಿಟಕಿಗೆ ಸರಿಸಿ, ಒಂದೊಂದು ಕಡೆ ಎರಡು ನಿಮಿಷ ಕಾದು, ಅಂಕಿಯನ್ನು ಬರೆದುಕೊಳ್ಳಿ. ತಗಡಿನ ಮಾಡಿನ ನೇರ ಕೆಳಗೆ ಮಾತ್ರ ಇಡಬೇಡಿ: ಲೋಹ ಅಲೆಗಳನ್ನು ತಡೆಯುತ್ತದೆ, ಬಿಸಿಲಿನಲ್ಲಿ ಕಾದು ಬ್ಯಾಟರಿಯನ್ನೂ ಕೆಡಿಸುತ್ತದೆ.

ಬ್ಯಾಂಡ್ (ಟವರ್ ಬಳಸುವ ರೇಡಿಯೋ ಅಲೆಗಳ ಶ್ರೇಣಿ) ಆರಿಸುವ ಅವಕಾಶ ನಿಮ್ಮ ರೂಟರಿನಲ್ಲಿದ್ದರೆ ಅದನ್ನು ಅವಶ್ಯವಾಗಿ ಬಳಸಿ ನೋಡಿ. 2300 ಮೆಗಾಹರ್ಟ್ಸ್‌ನ 40ನೇ ಬ್ಯಾಂಡ್ ಹತ್ತಿರದಲ್ಲಿ ವೇಗ ಕೊಡುತ್ತದೆಯಾದರೂ ಗುಡ್ಡ ಮತ್ತು ಕಾಡನ್ನು ದಾಟುವುದರಲ್ಲಿ 850 ಮೆಗಾಹರ್ಟ್ಸ್‌ನ 5ನೇ ಬ್ಯಾಂಡ್ ಮೇಲು. ನಿಧಾನವಾದರೂ ಕಡಿಯದೆ ನಿಲ್ಲುವ ಸಂಪರ್ಕ ಮಕ್ಕಳ ಪಾಠಕ್ಕೂ ಅಡಿಕೆ ಧಾರಣೆ ನೋಡುವುದಕ್ಕೂ ಹೆಚ್ಚು ಉಪಯುಕ್ತವೆಂಬುದು ನನ್ನ ಅಭಿಪ್ರಾಯ. ಮನೆಯೊಳಗಿನ ವೈಫೈಗೆ 2.4 ಗಿಗಾಹರ್ಟ್ಸ್ ಸಾಕು, ದಪ್ಪ ಗೋಡೆಯನ್ನು ಅದೇ ಚೆನ್ನಾಗಿ ದಾಟುತ್ತದೆ. ಭದ್ರತೆಗೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ, ಡಬ್ಲ್ಯುಪಿಎಸ್ (ಗುಂಡಿ ಒತ್ತಿ ಅಥವಾ ಪಿನ್ ಹಾಕಿ ಜೋಡಿಸುವ ಸೌಲಭ್ಯ) ಇದ್ದರೆ ಅದನ್ನು ಪೂರ್ತಿ ನಿಲ್ಲಿಸಿ. ವೈಫೈ ಪಾಸ್‌ವರ್ಡಿನ ಜೊತೆಗೆ ಸೆಟ್ಟಿಂಗ್ ಪುಟ ತೆರೆಯುವ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿ.

ಇನ್ನು ಜೋಪಾನ. ಸದಾ ಚಾರ್ಜರಿಗೆ ಸಿಕ್ಕಿಸಿಟ್ಟ ಲಿಥಿಯಂ ಬ್ಯಾಟರಿ ಬೇಗ ಸವೆಯುತ್ತದೆ, ಕೆಲವೊಮ್ಮೆ ಊದಿಕೊಳ್ಳುತ್ತದೆ. ಊದಿದ್ದು ಕಂಡರೆ ಒತ್ತದೆ, ಚುಚ್ಚದೆ ಬಳಕೆ ನಿಲ್ಲಿಸಿ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಡಬ್ಬಿಯಲ್ಲಿಡಿ. ಆಗುಂಬೆಯಂಥ ಕಡೆ ಬೀರುವಿನೊಳಗಿನ ಬಟ್ಟೆಗೇ ಬೂಸಲು ಬರುವಾಗ ಸಿಮ್ಮಿನ ಲೋಹದ ತುದಿಗಳಿಗೂ ತೇವ ತಟ್ಟದೆ ಇರದು. ಆಗಾಗ ರೂಟರನ್ನು ಆಫ್ ಮಾಡಿ, ಸಿಮ್ ತೆಗೆದು ಒಣ ಹತ್ತಿಬಟ್ಟೆಯಿಂದ ಒರೆಸಿ. ಬಚ್ಚಲೊಲೆಯ ಹತ್ತಿರ ಒಣಗಿಸಲು ಇಡಬೇಡಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿಸಿದೊಡನೆ ಚಾರ್ಜರನ್ನು ಪ್ಲಗ್ಗಿನಿಂದ ಕಿತ್ತಿಡಿ. ಮಿಂಚು ಕಳೆಯುವವರೆಗೆ ರೂಟರ್ ತನ್ನ ಬ್ಯಾಟರಿಯಲ್ಲೇ ನಡೆಯಲಿ.