ಪುಣೆಯ ಕರಿಕಲ್ಲಿನ ಗೋಡೆಗೆ ಮತ್ತೆ ಗಾರೆ: ನನ್ನ ಅನುಭವ

ಪುಣೆಯ ಮಳೆಗೆ ಸುಣ್ಣದ ಗಾರೆ ನಿಲ್ಲಲ್ಲ ಅಂದವರು ಗಣೇಶಖಿಂಡದ ಕಡೆ ನೋಡಲಿ. ಅಲ್ಲಿನ ಪುಣೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ ಹಿಂದೆ ಮುಂಬೈ ಗವರ್ನರರ ಮಳೆಗಾಲದ ನಿವಾಸವಾಗಿತ್ತು. ಗವರ್ನರ್ ಬಾರ್ಟಲ್ ಫ್ರಿಯರ್ ಕಾಲದಲ್ಲಿ, 1864ರಲ್ಲಿ ಶುರುವಾದ ಕೆಲಸ. ನಕ್ಷೆ ಜೇಮ್ಸ್ ಟ್ರಬ್‌ಶಾ ಅವರದು. 1949ರಲ್ಲಿ ವಿಶ್ವವಿದ್ಯಾಲಯ ಬಂತು.

ನಾವು ದುರಸ್ತಿಗೆ ಹಿಡಿದದ್ದು ಹೆಚ್ಚುಕಡಿಮೆ ಅದೇ ಕಾಲದ ಇನ್ನೊಂದು ಬಂಗಲೆ, ಈಗ ಕಾಲೇಜು ಕಚೇರಿ. ಹಿಂದಿನ ಗುತ್ತಿಗೆದಾರ ಕಲ್ಲುಗಳ ಸಂದಿಗಳಿಗೆಲ್ಲ ಸಿಮೆಂಟ್ ಮೆತ್ತಿದ್ದ. ಕರಿಕಲ್ಲು ತೇವ ಬಿಡುವುದಿಲ್ಲ, ಬಿಡಬೇಕಾದ್ದು ಸಂದಿ. ಅದು ಮುಚ್ಚಿದ್ದರಿಂದ ಒಳಗಿನ ಗಿಲಾವು ಉಬ್ಬಿ ಉಪ್ಪು ಕಕ್ಕುತ್ತಿತ್ತು.

ಆ ಸಿಮೆಂಟ್ ಕೀಳಲು ಗ್ರೈಂಡರ್ ಬೇಡ, ಕಲ್ಲಿನ ಅಂಚು ಹೋಗುತ್ತದೆ. ಉಳಿಯಲ್ಲೇ ಸಂದಿಯ ಅಗಲದ ಎರಡು ಪಟ್ಟು ಆಳ, ಏನಿಲ್ಲವೆಂದರೂ ಒಂದಿಂಚು. ಕಲಬುರಗಿ ಕಡೆಯ ಕಲ್ಲುಕೆಲಸದವರಿಗೆ ದಿನಗೂಲಿಯೇ ಕೊಟ್ಟೆವು; ಅಡಿ ಲೆಕ್ಕ ಮಾಡಿದರೆ ಮೇಲ್ಮೇಲೆ ಕೆರೆದು ಬಿಡುತ್ತಾರೆ. ಸಿಮೆಂಟ್ ಕೆಲಸದ ಎರಡೂವರೆ ಪಟ್ಟು ಖರ್ಚು ಬಿತ್ತು, ಅರ್ಧಕ್ಕಿಂತ ಹೆಚ್ಚು ಹಳೇ ಸಿಮೆಂಟ್ ಕೀಳುವುದಕ್ಕೇ.

ಗಾರೆಯ ಅಳತೆ: ಒಂದು ಪಾಲು ನೆನೆದ ಸುಣ್ಣ, ಒಂದು ಸುರ್ಕಿ (ಇಟ್ಟಿಗೆ ಪುಡಿ), ಒಂದೂವರೆ ಮರಳು. ಸುಣ್ಣ ತಿಂಗಳಾದರೂ ನೀರಲ್ಲಿರಬೇಕು, ಸೋಸಲೇಬೇಕು. ಅರಳದ ಕಾಳು ಉಳಿದರೆ ಆಮೇಲೆ ಗುಳ್ಳೆ ಸಿಡಿಯುತ್ತದೆ. ಸುರ್ಕಿಗೆ ಹದವಾಗಿ ಬೆಂದ ಮಣ್ಣಿನ ಇಟ್ಟಿಗೆಯೇ ಆಗಬೇಕು, ಕಪ್ಪಾಗಿ ಸುಟ್ಟದ್ದು ಬರೀ ಮರಳಿಗೆ ಸಮ. ಬೆಲ್ಲ ನೂರು ಕಿಲೋ ಸುಣ್ಣಕ್ಕೆ ಎರಡು ಕಿಲೋ ಆಸುಪಾಸು. ಜಾಸ್ತಿಯಾದರೆ ಇರುವೆ ಮುತ್ತುತ್ತದೆ, ಗಾರೆ ಬಿಗಿಯುವುದಿಲ್ಲ. ಅಳಲೆಕಾಯಿ ನೀರಿನ ಹದ ಮಾತ್ರ ಇಲ್ಲಿ ಬರೆಯಲ್ಲ, ಅದು ನಮ್ಮ ಅನ್ನ.

ಬಣ್ಣಕ್ಕೊಂದು ಪ್ರಯೋಗ: ಮರಳಿನ ಕಾಲುಭಾಗದ ಬದಲು ಕ್ರಷರ್ ಪುಡಿ, ಅಂದರೆ ಜಲ್ಲಿ ಒಡೆಯುವಾಗ ಬರುವ ಕಲ್ಲಿನ ಪುಡಿ. ಕರಿಕಲ್ಲಿಗೆ ಎಷ್ಟು ಒಪ್ಪಿತೆಂದರೆ ಆರ್ಕಿಟೆಕ್ಟೇ ಹಳೇದು ಯಾವುದು ಹೊಸದು ಯಾವುದು ಅಂತ ಕೇಳಿದರು. ನುಣ್ಣನೆಯ ಪುಡಿ ಜರಡಿಯಲ್ಲಿ ತೆಗೆಯದಿದ್ದರೆ ಕೂದಲೆಳೆ ಬಿರುಕು ಖಂಡಿತ. ಮೆಂತ್ಯದ ನೀರೂ ಹಾಕಿ ನೋಡಿದ್ದಾಯ್ತು. ವಾಸನೆ ಬಿಟ್ಟರೆ ಲಾಭ ಕಾಣಲಿಲ್ಲ.

ಗಾರೆ ಹಚ್ಚಿ ನೋಡಿದ ಮಾದರಿಗಳಲ್ಲಿ ಕೆಟ್ಟುಹೋದವೆಲ್ಲ ಮೇ, ಜೂನ್‌ನವು. ಮೇನಲ್ಲಿ ಬಿಗಿಯುವ ಮೊದಲೇ ಒಣಗಿ ಪುಡಿಯಾಯಿತು, ಜೂನ್‌ನಲ್ಲಿ ತೊಳೆದುಹೋಯಿತು. ಫೆಬ್ರುವರಿಯೊಳಗೆ ಮುಗಿಸಿ, ಎರಡು ವಾರ ಒದ್ದೆ ಗೋಣಿ ಹೊದಿಸಿದ ಗೋಡೆ ಈಗ ಎರಡು ಮಳೆಗಾಲ ಕಂಡಿದೆ. ಒಳಗೆ ಉಪ್ಪಿಲ್ಲ.

ಬಂಗಲೆ ಕಚೇರಿಯಾದ ಕಡೆಯೆಲ್ಲ ಎಸಿ ನೀರು ಗೋಡೆಗೇ ಬಿಟ್ಟಿರುತ್ತಾರೆ. ಅಲ್ಲಿ ಯಾವ ಗಾರೆಯೂ ನಿಲ್ಲದು. ಪೈಪು ತಿರುಗಿಸುವುದನ್ನು ಎಸ್ಟಿಮೇಟಿನಲ್ಲಿ ಬೇರೆ ಸಾಲಾಗಿ ಬರೆಯಿರಿ, ಇಲ್ಲದಿದ್ದರೆ ಪ್ಲಂಬರ್ ಖರ್ಚು ನಿಮ್ಮ ತಲೆಗೇ.