ರೀಫ್ ಟ್ಯಾಂಕಿಗೆ ಬೇಸಿಗೆಯಲ್ಲಿ ಯಾವ ನೀರು ಸೇರಿಸಬೇಕು?

ಗೆಳೆಯರೇ, ಮನೆಯಲ್ಲಿ ರೀಫ್ ಟ್ಯಾಂಕ್, ಅಂದರೆ ಉಪ್ಪುನೀರಿನ ಅಕ್ವೇರಿಯಂ ಇಟ್ಟು ಹವಳ ಸಾಕುವವರು ಬೇಸಿಗೆಯಲ್ಲಿ ಉಪ್ಪಿನಂಶದ ಮೇಲೆ ಕಣ್ಣಿಡಿ. ಟ್ಯಾಂಕಿನಿಂದ ಆವಿಯಾಗುವುದು ಬರೀ ನೀರು. ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ಕಮ್ಮಿಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಿಸಬೇಕು, ಉಪ್ಪುನೀರಿನಿಂದ ಅಲ್ಲ. 40 ಲೀಟರ್ ನೀರಿನಲ್ಲಿ 2 ಲೀಟರ್ ಆವಿಯಾದರೆ ಸಾಕು, ಲೀಟರಿಗೆ 35 ಗ್ರಾಂ ಇದ್ದ ಉಪ್ಪು ಸುಮಾರು 37ಕ್ಕೆ ಏರುತ್ತದೆ. ಸಣ್ಣ ಟ್ಯಾಂಕಿನ ಕಷ್ಟವೇ ಇದು ಅಲ್ವಾ? ಫ್ಯಾನ್ ಹಾಕಿದರೆ ನೀರು ತಂಪಾಗುತ್ತದೆ ನಿಜ, ಆದರೆ ಆವಿಯೂ ಜಾಸ್ತಿ.

ಗಾಜಿನ ಮೇಲೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ದಿನಾ ಅಲ್ಲಿಯವರೆಗೆ ನಿಧಾನವಾಗಿ ತುಂಬಿಸಿ. ಬೋರ್‌ವೆಲ್ ನೀರು ದಯವಿಟ್ಟು ಬೇಡ, ಪಾಚಿ ಹಬ್ಬುತ್ತದೆ. ಮನೆಯ ಕುಡಿಯುವ ಆರ್‌ಒ ನೀರಿಗೂ ಎಷ್ಟೋ ಸಲ ಮಿನರಲ್ ಸೇರಿಸಿರುತ್ತಾರೆ. ಟಿಡಿಎಸ್ ಮೀಟರ್ (ನೀರಲ್ಲಿ ಕರಗಿರುವ ಲವಣಾಂಶ ಅಳೆಯುವ ಸಾಧನ) 0 ತೋರಿಸುವ ಆರ್‌ಒಡಿಐ ನೀರೇ, ಅಂದರೆ ಆರ್‌ಒ ಆದಮೇಲೆ ಉಳಿದ ಲವಣವನ್ನೂ ತೆಗೆದ ನೀರೇ ಒಳ್ಳೆಯದು.