ಶುಕ್ರವಾರ ರಾತ್ರಿಯವರೆಗೂ ಖಚಿತವಿಲ್ಲ: ಕ್ಯಾಸ್ಕೇಡ್ ಬೆಟ್ಟಗಳಲ್ಲಿ ನಾನು ಸ್ಕೀ ದಿನ ಆರಿಸುವ ಬಗೆ

"ಎಷ್ಟು ಇಂಚು ಹಿಮ ಬೀಳುತ್ತಂತೆ?" ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾನು ಆ ಅಂಕಿ ನೋಡುವುದು ಕೊನೆಗೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್ ಸುತ್ತಮುತ್ತ ಸ್ಕೀಗೋ ಸ್ನೋಬೋರ್ಡಿಗೋ ಹೋಗುವವರು ಮೊದಲು ತಿಳಿಯಬೇಕಾದ್ದು ನೀರು ಹೆಪ್ಪುಗಟ್ಟುವ ಮಟ್ಟ, ಅಂದರೆ ಫ್ರೀಜಿಂಗ್ ಲೆವೆಲ್, ಎಷ್ಟು ಅಡಿ ಎತ್ತರದಲ್ಲಿದೆ ಎಂಬುದನ್ನು. ಅದೊಂದು ಗೊತ್ತಿಲ್ಲದೆ ಇಂಚಿನ ಲೆಕ್ಕಕ್ಕೆ ಅರ್ಥವೇ ಇಲ್ಲ.

ನಾನಿರುವುದು ರೆಡ್ಮಂಡ್‌ನಲ್ಲಿ. ಇಲ್ಲಿಂದ ಹತ್ತಿರದ್ದು ಐ-90 ಹೆದ್ದಾರಿಯ ಮೇಲಿರುವ ಸ್ನೋಕ್ವಾಲ್ಮಿ ಘಾಟಿ. ರಸ್ತೆ ಖಾಲಿಯಿದ್ದರೆ ಒಂದು ಗಂಟೆಯೊಳಗೆ ಮುಟ್ಟಬಹುದು. ಆದರೆ ಅದರ ಎತ್ತರ ಬರೀ 3,022 ಅಡಿ. ಯುಎಸ್-2 ಹೆದ್ದಾರಿಯ ಮೇಲಿನ ಸ್ಟೀವನ್ಸ್ ಘಾಟಿ 4,061 ಅಡಿ. ಮೌಂಟ್ ರೇನಿಯರ್ ಪಕ್ಕದ ಕ್ರಿಸ್ಟಲ್ ಮೌಂಟನ್ ಸ್ವಲ್ಪ ದೂರ, ಆದರೆ ಅದರ ಬುಡವೇ 4,400 ಅಡಿಯಲ್ಲಿದೆ, ತುದಿ 7,012. ಈ ಅಂಕಿಗಳು ನನಗೆ ಬಾಯಿಪಾಠ, ಯಾಕೆಂದರೆ ನನ್ನ ಲೆಕ್ಕಾಚಾರವೆಲ್ಲ ಶುರುವಾಗುವುದು ಇವುಗಳಿಂದ.

ನಾನು ತೀರ್ಥಹಳ್ಳಿ ಕಡೆಯವಳು. ಈ ಬೆಟ್ಟಗಳ ಹವೆ ನನಗೆ ಬೇಗ ಅರ್ಥವಾಗಿದ್ದು ಅದರಿಂದಲೇ ಇರಬೇಕು. ಕಡಲಿನ ಮೇಲಿಂದ ಬರುವ ಪಡುವಣ ಗಾಳಿ ಸಹ್ಯಾದ್ರಿಗೆ ಬಡಿದು ಮೇಲೇರುತ್ತದೆ, ಆಗುಂಬೆಯಲ್ಲಿ ಸುರಿಸುತ್ತದೆ, ಚಿತ್ರದುರ್ಗ ಮುಟ್ಟುವಾಗ ಬರಿಗೈ. ಇಲ್ಲಿಯೂ ಹಾಗೇ. ಪೆಸಿಫಿಕ್ ಕಡಲಿನ ತೇವವೆಲ್ಲ ಕ್ಯಾಸ್ಕೇಡ್ ಸಾಲಿನ ಪಶ್ಚಿಮದಲ್ಲಿ ಖರ್ಚಾಗಿ, ಆಚೆ ಬದಿಯ ಯಾಕಿಮಾಗೆ ವರ್ಷಕ್ಕೆ ಎಂಟು ಇಂಚಿನ ಆಸುಪಾಸು ಮಳೆ. ವ್ಯತ್ಯಾಸ ಇಷ್ಟೇ: ಆಗುಂಬೆಯಲ್ಲಿ ಬೀಳುವುದು ಯಾವತ್ತೂ ಮಳೆಯೇ, ಇಲ್ಲಿ ಮಳೆಯೋ ಹಿಮವೋ ಎಂಬುದು ಒಂದೆರಡು ಡಿಗ್ರಿಯ ಮೇಲೆ ನಿಂತಿದೆ. ಕೊಲೊರಾಡೊದಲ್ಲಿ ನಡುಚಳಿಗಾಲದಲ್ಲಿ ಯಾರೂ ಈ ಚಿಂತೆ ಮಾಡುವುದಿಲ್ಲ, ಬಿದ್ದರೆ ಹಿಮವೇ. ಇಲ್ಲಿ ಜನವರಿ ನಡುವಿನಲ್ಲೂ ಸ್ನೋಕ್ವಾಲ್ಮಿಯಲ್ಲಿ ಧೋ ಎಂದು ಮಳೆ ಸುರಿಯಬಹುದು.

ಫ್ರೀಜಿಂಗ್ ಲೆವೆಲ್ ಓದುವಾಗ ನೆನಪಿಡಬೇಕಾದ ಸೂತ್ರ ಒಂದಿದೆ. ಹಿಮ ಆ ಮಟ್ಟ ದಾಟಿದ ಕೂಡಲೇ ಕರಗಿಬಿಡುವುದಿಲ್ಲ. ಸಾಮಾನ್ಯವಾಗಿ ಇನ್ನೂ ಸುಮಾರು ಸಾವಿರ ಅಡಿ ಕೆಳಗಿನವರೆಗೂ ಹಿಮವಾಗಿಯೇ ಇಳಿಯುತ್ತದೆ. ಹಾಗಾಗಿ 4,000 ಅಡಿ ಎಂದಿದ್ದರೆ ಸ್ನೋಕ್ವಾಲ್ಮಿಯ ಬುಡದಲ್ಲಿ ಒದ್ದೆ ಹಿಮ, ಸ್ಟೀವನ್ಸ್‌ನಲ್ಲಿ ಪರವಾಗಿಲ್ಲ, ಕ್ರಿಸ್ಟಲ್‌ನಲ್ಲಿ ಚೆನ್ನ. 5,500 ಎಂದರೆ ಸ್ನೋಕ್ವಾಲ್ಮಿಯಲ್ಲಿ ಮಳೆ, ಸ್ಟೀವನ್ಸ್‌ನ ಕೆಳಭಾಗ ಅನುಮಾನ, ಕ್ರಿಸ್ಟಲ್‌ನ ಬುಡದಲ್ಲಿ ಒದ್ದೆ ಹಿಮ, ಮೇಲರ್ಧಕ್ಕೆ ಮಾತ್ರ ಒಳ್ಳೆಯ ಹಿಮ. ಹವಾಯಿ ಕಡೆಯಿಂದ ಬೆಚ್ಚಗಿನ ತೇವದ ಪಟ್ಟಿ ನೇರ ಇತ್ತ ಹರಿದು ಬರುವುದುಂಟು, ಅದನ್ನು ಇಲ್ಲಿನವರು ಪೈನಾಪಲ್ ಎಕ್ಸ್‌ಪ್ರೆಸ್ ಅನ್ನುತ್ತಾರೆ. ಅದು ಬಂದರೆ ಏಳೆಂಟು ಸಾವಿರ ಅಡಿಯವರೆಗೂ ಮಳೆ. ಆ ವಾರ ಮನೆಯಲ್ಲಿ ಬೋರ್ಡಿಗೆ ವ್ಯಾಕ್ಸ್ ಹಾಕುತ್ತಾ ಕೂರುವುದೇ ಒಳ್ಳೆಯದು.

ಈಗ ಇಂಚಿನ ಮಾತಿಗೆ ಬರೋಣ. ಒಂದು ಇಂಚು ನೀರಿನಿಂದ ಸುಮಾರು ಹತ್ತು ಇಂಚು ಹಿಮ ಎನ್ನುವುದು ಒರಟು ಲೆಕ್ಕ. ಚಳಿ ಹೆಚ್ಚಿದ್ದರೆ ಅದು ಹದಿನೈದಾಗುತ್ತದೆ, ಬೆಚ್ಚಗಿದ್ದರೆ ಏಳಕ್ಕೇ ನಿಲ್ಲುತ್ತದೆ. ಹನ್ನೆರಡು ಇಂಚು ಭಾರದ ಹಿಮಕ್ಕಿಂತ ಐದು ಇಂಚು ಹಗುರ ಹಿಮ ಎಷ್ಟೋ ಮೇಲು. ಚೇರ್‌ಲಿಫ್ಟಿನ ಸಾಲಿನಲ್ಲಿ ನಿಂತಾಗ ಗ್ಲೌಸಿನ ಮುಷ್ಟಿಯಲ್ಲಿ ಒಂದು ಹಿಡಿ ಹಿಮ ಒತ್ತಿ ನೋಡುವುದು ನನ್ನ ಅಭ್ಯಾಸ. ಬೆರಳ ಸಂದಿಯಿಂದ ನೀರು ಒಸರಿದರೆ ಮಧ್ಯಾಹ್ನಕ್ಕೆ ತೊಡೆ ಸೋಲುತ್ತದೆ. ಉಂಡೆಯಾಗಿ ನಿಂತರೆ ಪರವಾಗಿಲ್ಲ. ಕೈ ಬಿಟ್ಟ ತಕ್ಷಣ ಉದುರಿಹೋದರೆ ಅವತ್ತು ಊಟಕ್ಕೂ ಒಳಗೆ ಹೋಗಬಾರದು.

ಇನ್ನೊಂದು ಸಂಗತಿಯನ್ನು ಆಪ್‌ಗಳ ಇಂಚಿನ ಅಂಕಿ ಯಾವತ್ತೂ ಹೇಳುವುದಿಲ್ಲ: ಬಿರುಗಾಳಿಯ ಒಳಗೆ ಬಿಸಿ ಮೊದಲೋ ಚಳಿ ಮೊದಲೋ. ಬೆಚ್ಚಗೆ ಶುರುವಾಗಿ ಚಳಿಯಲ್ಲಿ ಮುಗಿದರೆ ಭಾರದ ಹಿಮ ಅಡಿಯಲ್ಲಿ, ಹಗುರದ್ದು ಮೇಲೆ. ಬೋರ್ಡ್ ತೇಲುತ್ತದೆ, ಅಡಿಯ ಗಟ್ಟಿ ಪದರವೂ ಮುಚ್ಚಿಹೋಗುತ್ತದೆ. ಚಳಿಯಲ್ಲಿ ಶುರುವಾಗಿ ಬೆಚ್ಚಗೆ ಮುಗಿದರೆ ತದ್ವಿರುದ್ಧ. ಮೇಲಿನ ಭಾರದ ಪದರ ಕೆಳಗಿನ ಮೆತ್ತಗಿನ ಪದರದ ಮೇಲೆ ಕೂತಿರುತ್ತದೆ, ಸ್ಕೀ ಒಳಗೆ ಸಿಕ್ಕಿಕೊಳ್ಳುತ್ತದೆ, ಹಿಮಕುಸಿತದ ಅಪಾಯವೂ ಹೆಚ್ಚು. ಎರಡರಲ್ಲೂ ವರದಿ ಹೇಳುವುದು "24 ಗಂಟೆಯಲ್ಲಿ 10 ಇಂಚು" ಎಂದೇ.

ಇದನ್ನು ತಿಳಿಯಲು ನಾನು ನಂಬಿರುವುದು ಹಿಮಕುಸಿತದ ಮುನ್ಸೂಚನೆ ಕೊಡುವ ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್‌ನ ಯಂತ್ರಕೇಂದ್ರಗಳನ್ನು. ಇಲ್ಲಿಯ ಸ್ಕೀ ಬೆಟ್ಟಗಳಲ್ಲಿ ಬೇರೆ ಬೇರೆ ಎತ್ತರಗಳಲ್ಲಿ ಅವರ ಮಾಪಕಗಳಿವೆ. ಗಂಟೆಗೊಂದು ಸಾಲಿನಂತೆ ತಾಪಮಾನ, ಗಾಳಿ, ಬಿದ್ದ ನೀರು, ಹಿಮದ ಆಳ, ಎಲ್ಲವನ್ನೂ ಯಾರು ಬೇಕಾದರೂ ನೋಡಬಹುದು. ಸ್ನೋಕ್ವಾಲ್ಮಿಯ ಆಲ್ಪೆಂಟಲ್‌ನಲ್ಲಿ ಬುಡ, ನಡು, ತುದಿ ಮೂರರಲ್ಲೂ ಇವೆ. ಒಂದು ಶುಕ್ರವಾರ ರಾತ್ರಿ ಏಳಕ್ಕೆ ನೋಡಿದಾಗ ಬುಡದಲ್ಲಿ 36 ಡಿಗ್ರಿ ಫ್ಯಾರನ್‌ಹೀಟ್, ತುದಿಯಲ್ಲಿ 29 (ನೀರು ಹೆಪ್ಪುಗಟ್ಟುವುದು 32ಕ್ಕೆ). ಬುಡದಲ್ಲಿ ಹನಿ ಬೀಳುತ್ತಿದೆ ಎಂದಾಯಿತು. ಹತ್ತು ಗಂಟೆಗೆ 33 ಮತ್ತು 26. ಮೇಲಿನ ಗಾಳಿ ನೈಋತ್ಯದ ಬದಲು ಪಶ್ಚಿಮದಿಂದ ಬೀಸತೊಡಗಿತ್ತು, ಎಂದರೆ ಶೀತಮುಖ, ನುಗ್ಗಿ ಬರುವ ತಣ್ಣನೆ ಗಾಳಿಯ ಮುಂಚೂಣಿ, ದಾಟಿದೆ. ಹಿಮ ಇನ್ನೂ ನಾಲ್ಕೈದು ಗಂಟೆ ಬೀಳುವ ಅಂದಾಜು. ಇನ್ನೇನು ಬೇಕು? ಫ್ಲಾಸ್ಕು, ಚಿತ್ರಾನ್ನದ ಡಬ್ಬಿ, ಬೂಟು ಎಲ್ಲ ಬಾಗಿಲ ಬಳಿ ಇಟ್ಟು ಮಲಗಿದೆ. ಬೆಳಿಗ್ಗೆ ನಾಲ್ಕೂವರೆಗೆ ಬುಡವೇ 28ಕ್ಕೆ ಇಳಿದಿತ್ತು.

ಸ್ನೋಕ್ವಾಲ್ಮಿಗೆ ಒಂದು ಚಮತ್ಕಾರವೂ ಇದೆ. ಬೆಟ್ಟಸಾಲಿನ ಪೂರ್ವಕ್ಕೆ ಕೊಲಂಬಿಯಾ ಬಯಲಿನಲ್ಲಿ ಚಳಿಗಾಲದ ತಣ್ಣನೆ ಗಾಳಿ ಮಡುಗಟ್ಟಿ ನಿಲ್ಲುತ್ತದೆ. ಪಶ್ಚಿಮದಲ್ಲಿ ಒತ್ತಡ ಕುಸಿದಾಗ ಅದು ಈ ತಗ್ಗು ಘಾಟಿಯ ಕಿಂಡಿಯಲ್ಲಿ ಹಾದು ಇತ್ತ ನುಗ್ಗುತ್ತದೆ. ಆಗ ಮೇಲಿನ ಆಕಾಶದಲ್ಲಿ ಫ್ರೀಜಿಂಗ್ ಲೆವೆಲ್ ಆರು ಸಾವಿರ ಅಡಿ ಇದ್ದರೂ 3,000 ಅಡಿಯ ಘಾಟಿಯಲ್ಲಿ ಹಿಮ ಬೀಳುತ್ತಿರುತ್ತದೆ. ಮುನ್ಸೂಚನೆಯ ಅಂಕಿ ನೋಡಿ ಮನೆಯಲ್ಲೇ ಉಳಿದವರಿಗೆ ನಷ್ಟ. ಆದರೆ ಇದು ಉಳಿಯುವುದು ಪೂರ್ವದ ಗಾಳಿ ಇರುವವರೆಗೆ ಮಾತ್ರ. ಮೇಲಿನ ಬಿಸಿ ಪದರ ದಪ್ಪವಾದಂತೆ ಹಿಮ ನಡುವೆ ಕರಗಿ, ನೆಲ ಮುಟ್ಟಿ ಮತ್ತೆ ಹೆಪ್ಪುಗಟ್ಟುವ ಮಳೆಯಾಗುತ್ತದೆ. ಕನ್ನಡಕದ ಮೇಲೆ, ಚೇರಿನ ಮೇಲೆ, ರಸ್ತೆಯ ಮೇಲೆ ಗಾಜಿನ ಪೊರೆ. ಗಾಳಿ ಪಶ್ಚಿಮದಿಂದ ಬೀಸತೊಡಗಿದರೆ ಅರ್ಧ ಗಂಟೆಯಲ್ಲಿ ಎಂಟು ಹತ್ತು ಡಿಗ್ರಿ ಏರಬಹುದು. ಈ ಆಟವನ್ನು ಯಾವ ಆಪ್‌ನ ಚಿತ್ರವೂ ತೋರಿಸುವುದಿಲ್ಲ. ನ್ಯಾಷನಲ್ ವೆದರ್ ಸರ್ವಿಸ್‌ನ ಸಿಯಾಟಲ್ ಕಚೇರಿಯ ಮುನ್ಸೂಚಕರು ಬರೆಯುವ ಚರ್ಚಾ ಟಿಪ್ಪಣಿಯಲ್ಲಿ ಮಾತ್ರ ಸಿಗುತ್ತದೆ. ದಿನಕ್ಕೆ ಹಲವು ಸಲ ಹೊಸದಾಗುವ ಆ ಟಿಪ್ಪಣಿ ಒಣ ಭಾಷೆಯದ್ದು, ಆದರೆ ತಮಗೆ ಎಷ್ಟು ನಂಬಿಕೆಯಿದೆ, ಎಲ್ಲಿ ಹವಾಮಾನದ ಕಂಪ್ಯೂಟರ್ ಮಾದರಿಗಳು ಒಂದಕ್ಕೊಂದು ಒಪ್ಪುತ್ತಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಬರೆಯುತ್ತಾರೆ. ನನಗೆ ಅದೇ ಬೇಕು.

ಸ್ಟೀವನ್ಸ್‌ಗೆ ಬೇರೆ ಅದೃಷ್ಟ. ಶೀತಮುಖ ದಾಟಿದ ಮೇಲೆ ವಾಯವ್ಯದ ಗಾಳಿ ಸಿಯಾಟಲ್‌ನ ಪಶ್ಚಿಮಕ್ಕಿರುವ ಒಲಿಂಪಿಕ್ ಬೆಟ್ಟಗಳನ್ನು ಎರಡೂ ಬದಿಯಿಂದ ಬಳಸಿ ಬಂದು ಉತ್ತರದ ಎವರೆಟ್ ಊರಿನ ಆಸುಪಾಸಿನಲ್ಲಿ ಮತ್ತೆ ಕೂಡುತ್ತದೆ. ಕೂಡಿದಲ್ಲಿ ಮೋಡದ ಒಂದು ಕಿರಿದಾದ ಪಟ್ಟಿ ಏಳುತ್ತದೆ, ಅದು ಪೂರ್ವಕ್ಕೆ ಸರಿದರೆ ಸ್ಟೀವನ್ಸ್ ದಾರಿಯಲ್ಲೇ ಇದೆ. ಎಲ್ಲ ಕಡೆ ಮೂರು ಇಂಚು ಬಿದ್ದು ಅಲ್ಲಿ ಮಾತ್ರ ಹನ್ನೊಂದು ಬಿದ್ದ ಬೆಳಗುಗಳನ್ನು ಕಂಡಿದ್ದೇನೆ. ಪಟ್ಟಿ ದಕ್ಷಿಣಕ್ಕೆ ಜಾರಿದರೆ ಆ ಪಾಲು ಸ್ನೋಕ್ವಾಲ್ಮಿಗೆ. ರಾತ್ರಿ ಮಲಗುವ ಮುಂಚೆ ರೇಡಾರ್ ನೋಡಿದರೆ ಇದು ತಿಳಿಯುತ್ತದೆ.

ನಮ್ಮ ಬೀದಿಯಲ್ಲಿ ಮೈಸೂರಿನ ಹುಡುಗನೊಬ್ಬ ಇದ್ದಾನೆ, ಸ್ನೋಬೋರ್ಡಿನ ಹುಚ್ಚು. ಸೋಮವಾರವೇ ಅವನ ಮೆಸೇಜು ಬರುತ್ತದೆ.

"ಅಕ್ಕಾ, ಆಪ್‌ನಲ್ಲಿ ಹದಿನಾಲ್ಕು ಇಂಚು ತೋರಿಸ್ತಿದೆ. ಶನಿವಾರ ಹೊರಡೋಣ್ವಾ?"

"ಹದಿನಾಲ್ಕು ಎಲ್ಲಿ ಮಾರಾಯ, ಬುಡದಲ್ಲೋ ತುದೀಲೋ?"

"ಅದು ಬರೆದಿಲ್ಲ."

"ಹಾಗಾದ್ರೆ ಶುಕ್ರವಾರ ಕೇಳು."

ಸೋಮವಾರದ ಮುನ್ಸೂಚನೆಯಿಂದ ನಾನು ತಿಳಿಯುವುದು ವಾರಾಂತ್ಯ ಒದ್ದೆಯೋ ಒಣವೋ ಎಂಬುದನ್ನಷ್ಟೇ. ಬುಧವಾರದ ಹೊತ್ತಿಗೆ ಅಮೆರಿಕದ ಜಿಎಫ್‌ಎಸ್ ಮಾದರಿಯೂ ಯುರೋಪಿನ ಮಾದರಿಯೂ ಒಂದೇ ಮಾತು ಹೇಳುತ್ತಿದ್ದರೆ ಶನಿವಾರವೋ ಭಾನುವಾರವೋ ಎಂದು ಮನಸ್ಸಿನಲ್ಲಿ ಗುರುತಿಡುತ್ತೇನೆ. ಗುರುವಾರ ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನ ಸ್ಥಳೀಯ ಮಾದರಿ ತೆರೆಯುತ್ತೇನೆ. ಅದರ ಜಾಲ ಚಿಕ್ಕದು, ಬೆಟ್ಟ ಕಣಿವೆಗಳ ಆಕಾರ ಅದಕ್ಕೆ ಗೊತ್ತು. ಯಾವ ಬೆಟ್ಟ ಎಂಬ ತೀರ್ಮಾನ ಮಾತ್ರ ಶುಕ್ರವಾರ ರಾತ್ರಿ. ದಿನವನ್ನೂ ಜಾಗವನ್ನೂ ಎರಡನ್ನೂ ಮುಂಚೆಯೇ ಕಟ್ಟಿಹಾಕಿಕೊಂಡರೆ ಈ ಬೆಟ್ಟಗಳಲ್ಲಿ ಸೋಲು ಖಂಡಿತ.

ಹೀಗೆ ಕೊನೆ ಗಳಿಗೆಯವರೆಗೆ ಕೈ ಬಿಚ್ಚಿಟ್ಟುಕೊಳ್ಳಲು ದುಡ್ಡಿನ ವ್ಯವಸ್ಥೆ ಮೊದಲೇ ಆಗಿರಬೇಕು. ಕೌಂಟರಿನಲ್ಲಿ ಅವತ್ತಿನ ಟಿಕೆಟ್ ಕೊಂಡರೆ ಜೇಬು ಸುಡುತ್ತದೆ. ಸೀಸನ್ ಪಾಸುಗಳು ಬೇಸಿಗೆಯ ಮುಂಚೆಯೇ ಮಾರಾಟಕ್ಕೆ ಬರುತ್ತವೆ, ಆಗಲೇ ಅಗ್ಗ. ಹಲವು ಬೆಟ್ಟಗಳಿಗೆ ಒಂದೇ ಆಗುವ ಪಾಸುಗಳಲ್ಲಿ ಸ್ಟೀವನ್ಸ್ ಎಪಿಕ್ ಪಾಸಿಗೆ ಸೇರಿದ್ದು, ಕ್ರಿಸ್ಟಲ್ ಮತ್ತು ಸ್ನೋಕ್ವಾಲ್ಮಿ ಐಕಾನ್ ಪಾಸಿಗೆ. ಅಗ್ಗದ ಪಾಸುಗಳಲ್ಲಿ ಮಾರ್ಟಿನ್ ಲೂಥರ್ ಕಿಂಗ್ ವಾರಾಂತ್ಯ, ಪ್ರೆಸಿಡೆಂಟ್ಸ್ ಡೇ ಮುಂತಾದ ರಜಾದಿನಗಳಿಗೆ ತಡೆಯಿರಬಹುದು. ಆ ದಿನಗಳಲ್ಲಿ ಹೋಗದಿದ್ದರೆ ನಷ್ಟವೇನಿಲ್ಲ, ಸಾಲಿನಲ್ಲಿ ನಿಂತೇ ಅರ್ಧ ದಿನ ಹೋಗುತ್ತದೆ.

ಹವೆ ಚೆನ್ನಾಗಿದ್ದ ಮಾತ್ರಕ್ಕೆ ಬೆಟ್ಟ ತೆರೆದಿರುತ್ತದೆ ಎಂದಲ್ಲ. ತುದಿಯಲ್ಲಿ ಗಾಳಿ ಜೋರಾದರೆ ಮೇಲಿನ ಚೇರ್‌ಗಳು ನಿಲ್ಲುತ್ತವೆ, ಜನವೆಲ್ಲ ಕೆಳಗಿನ ಎರಡು ಚೇರ್‌ಗಳ ಮುಂದೆ. ಹಾಗಾಗಿ ತುದಿಯ ಗಾಳಿ ಗಂಟೆಗೆ ನಲವತ್ತು ಐವತ್ತು ಮೈಲಿ ತೋರಿಸಿದರೆ ಮರಗಳ ನಡುವಿನ ತಗ್ಗಿನ ಚೇರ್‌ಗಳಿರುವ ಬೆಟ್ಟ ಆರಿಸುತ್ತೇನೆ. ಒಂದೇ ರಾತ್ರಿ ಒಂದೂವರೆ ಅಡಿ ಬಿದ್ದಿದ್ದರೆ ಬೆಳಿಗ್ಗೆ ಸಿಬ್ಬಂದಿ ಸಿಡಿಮದ್ದು ಹಾಕಿ ಸಡಿಲ ಹಿಮ ಉರುಳಿಸುವವರೆಗೂ ಕಡಿದಾದ ಇಳಿಜಾರು ತೆರೆಯುವುದಿಲ್ಲ. ಮೂರು ಗಂಟೆ ಕಾದರೂ ಕಾದೆವೇ. ದೊಡ್ಡ ಬಿರುಗಾಳಿಯ ಮಾರನೆಯ ದಿನವೇ ಎಷ್ಟೋ ಸಲ ಹೆಚ್ಚು ಸುಖ: ಮೇಲಿನದೆಲ್ಲ ಮೊದಲ ಸಲ ತೆರೆಯುವುದು ಅವತ್ತು.

ಬೆಟ್ಟದವರ ಬೆಳಗಿನ ವರದಿಯನ್ನೂ ಬಿಡಿಸಿ ಓದಬೇಕು. ರಾತ್ರಿಯ ಹಿಮ, 24 ಗಂಟೆಯ ಹಿಮ, ಇಡೀ ಬಿರುಗಾಳಿಯ ಹಿಮ, ಮೂರೂ ಬೇರೆ. ದೊಡ್ಡದಾಗಿ ಅಚ್ಚಾಗುವುದು ಇವುಗಳಲ್ಲಿ ದೊಡ್ಡದೇ. ನಿನ್ನೆ ಮಧ್ಯಾಹ್ನ ಬಿದ್ದು ನಿನ್ನೆಯೇ ತುಳಿದುಹೋದ ಆರು ಇಂಚು ಇವತ್ತಿನ ಲೆಕ್ಕದಲ್ಲೂ ಇರುತ್ತದೆ. ಹಿಮದ ಅಳತೆಕೋಲನ್ನು ತೋರಿಸುವ ಕ್ಯಾಮೆರಾ ಇದ್ದರೆ ಅದನ್ನೇ ನೋಡಿ, ಕೋಲಿನ ಬುಡದ ಹಿಮವನ್ನು ಎಷ್ಟು ಹೊತ್ತಿಗೆ ಗುಡಿಸುತ್ತಾರೆ ಎಂಬುದೂ ತಿಳಿದಿರಲಿ.

ರಸ್ತೆಯ ವಿಷಯಕ್ಕೆ ವಾಷಿಂಗ್ಟನ್ ಸಾರಿಗೆ ಇಲಾಖೆಯ ಘಾಟಿ ಕ್ಯಾಮೆರಾಗಳು ಸಾಕು. ಹಿಮಕುಸಿತ ತಡೆಯುವ ಕೆಲಸಕ್ಕೆ ಐ-90, ಯುಎಸ್-2 ಎರಡನ್ನೂ ಆಗಾಗ ಮುಚ್ಚುತ್ತಾರೆ. ನಮ್ಮದು ನಾಲ್ಕೂ ಚಕ್ರ ಎಳೆಯುವ ಕಾರು, ಆದರೂ ಡಿಕ್ಕಿಯಲ್ಲಿ ಚಕ್ರಕ್ಕೆ ಸುತ್ತುವ ಚೈನು ಇದ್ದೇ ಇರುತ್ತದೆ. ಕೆಲವು ಬೆಟ್ಟಗಳಲ್ಲಿ ವಾರಾಂತ್ಯಕ್ಕೆ ಪಾರ್ಕಿಂಗ್ ಮುಂಗಡ ಬುಕ್ ಮಾಡಬೇಕು, ಅದನ್ನು ಮರೆತರೆ ಮಿಕ್ಕ ಲೆಕ್ಕಾಚಾರವೆಲ್ಲ ವ್ಯರ್ಥ. ಬಹಳ ಹಿಮ ಬಿದ್ದ ದಿನ ಮರಗಳ ಬುಡದ ಸುತ್ತ ಸಡಿಲ ಗುಂಡಿಗಳಾಗಿರುತ್ತವೆ. ತಲೆಕೆಳಗಾಗಿ ಬಿದ್ದರೆ ತಾವಾಗಿ ಎದ್ದು ಬರುವುದು ತೀರಾ ಕಷ್ಟ. ಅಂಥ ದಿನ ನಾವು ಮರಗಳ ನಡುವೆ ಒಬ್ಬರನ್ನೊಬ್ಬರು ಕಣ್ಣಳತೆಯಿಂದ ಬಿಡುವುದಿಲ್ಲ.

ಇಡೀ ಚಳಿಗಾಲದ ಭವಿಷ್ಯ ಕೇಳುವವರೂ ಇದ್ದಾರೆ. ಪೆಸಿಫಿಕ್‌ನ ಸಮಭಾಜಕದ ನೀರು ತಣ್ಣಗಾಗುವ ಲಾ ನೀನಾ ವರ್ಷಗಳಲ್ಲಿ ಇಲ್ಲಿ ಹಿಮ ಹೆಚ್ಚುವ ಒಲವಿದೆ. ಮೌಂಟ್ ಬೇಕರ್ ಸ್ಕೀ ಬೆಟ್ಟದಲ್ಲಿ 1,140 ಇಂಚು ಬಿದ್ದು ವಿಶ್ವದಾಖಲೆಯಾದ 1998-99 ಅಂಥದ್ದೇ ವರ್ಷ. ಆದರೆ ಒಲವೆಂದರೆ ಒಲವಷ್ಟೇ. 2014-15ರಲ್ಲಿ ಬೆಟ್ಟಗಳ ಮೇಲೆ ಬಿದ್ದ ನೀರಿಗೆ ದೊಡ್ಡ ಕೊರತೆ ಇರಲಿಲ್ಲ, ಬಿದ್ದದ್ದು ಮಳೆಯಾಗಿ ಬಿತ್ತು, ಅಷ್ಟೇ. ತಗ್ಗಿನ ಸ್ನೋಕ್ವಾಲ್ಮಿ ಆ ಚಳಿಗಾಲ ಬಹುಪಾಲು ಬೋಳಾಗಿತ್ತು. ಹಿಮದ ದಾಸ್ತಾನಿಲ್ಲದೆ 2015ರ ಮೇ ತಿಂಗಳಲ್ಲಿ ಇಡೀ ರಾಜ್ಯಕ್ಕೆ ಬರ ಘೋಷಣೆಯಾಯಿತು. ಮತ್ತೆ ಅದೇ ಫ್ರೀಜಿಂಗ್ ಲೆವೆಲ್‌ನ ಮಾತು.

ಬೆಂಗಳೂರಿನಿಂದಲೋ ಕ್ಯಾಲಿಫೋರ್ನಿಯಾದಿಂದಲೋ ಟಿಕೆಟ್ ಬುಕ್ ಮಾಡಿಕೊಂಡೇ ಬರುವ ನೆಂಟರಿಗೆ ಈ ಶುಕ್ರವಾರ ರಾತ್ರಿಯ ಆಟ ಆಗದು. ಅವರಿಗೆ ಫೆಬ್ರವರಿ ಹೇಳುತ್ತೇನೆ. ಅಷ್ಟರಲ್ಲಿ ಅಡಿಪದರ ಕೂತಿರುತ್ತದೆ. ಎತ್ತರದ ಬೆಟ್ಟ ಹಿಡಿಯಿರಿ, ಕ್ಯಾನ್ಸಲ್ ಮಾಡಬಹುದಾದ ರೂಮು ಹಿಡಿಯಿರಿ. ಪಶ್ಚಿಮದಲ್ಲಿ ಮಳೆ ಹಿಡಿದುಕೊಂಡರೆ ಕಾರು ತಿರುಗಿಸಿ ಬೆಟ್ಟಸಾಲಿನ ಆಚೆ ವೆನಾಚಿ ಪಕ್ಕದ ಮಿಷನ್ ರಿಡ್ಜ್‌ಗೆ ಹೋಗಬಹುದು. ಅಲ್ಲಿ ಬೀಳುವುದು ಕಡಿಮೆ, ಬಿದ್ದದ್ದು ಒಣ, ಬಿಸಿಲೂ ಹೆಚ್ಚು. ಮೊದಲ ಸಲ ಕಲಿಯುವವರಿಗೆ ಹೊಸ ಹಿಮವೇ ಬೇಕಿಲ್ಲ. ಯಂತ್ರ ಓಡಿಸಿ ಸಮ ಮಾಡಿದ ಇಳಿಜಾರು, ಮಂಜು ಕವಿಯದ ದಿನ, ಎರಡಿದ್ದರೆ ಸಾಕು.

ಏಪ್ರಿಲ್ ಬಂತೆಂದರೆ ಲೆಕ್ಕ ಪೂರಾ ಬೇರೆ. ಆಗ ನನಗೆ ಬೇಕಾದ್ದು ಮೋಡವಿಲ್ಲದ ರಾತ್ರಿ. ರಾತ್ರಿ ಹೆಪ್ಪುಗಟ್ಟಿದ ಮೇಲ್ಪದರ ಬಿಸಿಲಿಗೆ ಒಂದೆರಡು ಇಂಚು ಸಡಿಲವಾದಾಗ ಸ್ಕೀ ಬೆಣ್ಣೆ ಸವರಿದಷ್ಟು ಸಲೀಸು. ಬೆಳಿಗ್ಗೆ ಹತ್ತರ ಸುಮಾರಿಗೆ ಪೂರ್ವದ ಇಳಿಜಾರು ಹದಕ್ಕೆ ಬರುತ್ತದೆ, ಆಮೇಲೆ ದಕ್ಷಿಣದ್ದು, ಮಧ್ಯಾಹ್ನ ಪಶ್ಚಿಮದ್ದು. ರಾತ್ರಿ ಮೋಡ ಕವಿದು ಹೆಪ್ಪೇ ಗಟ್ಟದಿದ್ದರೆ ಬೆಳಿಗ್ಗೆಯಿಂದಲೇ ಕೆಸರು, ಅವತ್ತು ಏಳುವ ಅಗತ್ಯವಿಲ್ಲ. ಹಾಗಾಗಿ ಏಪ್ರಿಲ್ ಶನಿವಾರಗಳಲ್ಲಿ ನಾನು ನಿಧಾನಕ್ಕೆ ಕಾಫಿ ಕುಡಿದು ಎಂಟಕ್ಕೆ ಹೊರಡುತ್ತೇನೆ. ಮೈಸೂರಿನ ಹುಡುಗ ಮಾತ್ರ ಈಗಲೂ ಐದಕ್ಕೇ ಫೋನು ಮಾಡುತ್ತಾನೆ.